ಸೋಮವಾರದ ಒಂದು ಚಿಟಿಕೆ

ನನ್ನ ಮೊಮ್ಮಗಳು ಈಗ ನನ್ನ ಕಾಲ ಮೇಲೆ ಮಲಗಿದ್ದಾಳೆ. ಒಂದು ಕೈಯಿಂದ ಅವಳ ಬೆನ್ನು ತಟ್ಟುತ್ತ ಇನ್ನೊಂದು ಕೈಯಿಂದ ಬರೆಯುತ್ತಿದ್ದೇನೆ. ಸಾಲುಗಳು ಡೊಂಕಾದರೆ ಅದು ಅವಳ ತಪ್ಪು, ನನ್ನದಲ್ಲ. ಕಾಲಿಗೆ ಜೋಮು ಹಿಡಿದು ಅರ್ಧ ತಾಸಾಯಿತು. ಹಿಡಿಯಲಿ. ಇಷ್ಟು ದಿನ ಈ ಕಾಲಿಗೆ ಬೇರೆ ಏನು ಕೆಲಸವಿತ್ತು?

ನಾಲ್ಕು ತಿಂಗಳ ಹುಡುಗಿ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ, ಬಲಗೆನ್ನೆಯಲ್ಲಿ ಬೀಳುವುದಿಲ್ಲ. ಅವಳ ಅಜ್ಜನಿಗೂ ಹಾಗೆಯೇ ಇತ್ತು. ನಾನು ಇದನ್ನು ಓಣಿಯಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ್ದೇನೆ, ಕೆಲವರಿಗೆ ಎರಡು ಸಲ. ಮಗ್ಗುಲ ಮನೆಯವಳು ಮೊನ್ನೆ ಕೇಳಿಯೇ ಬಿಟ್ಟಳು, "ಅಲ್ಲಬೇ, ಇಂಡಿ ಊರಾಗ ನಿನಗ ಒಬ್ಬಾಕಿಗೇ ಮೊಮ್ಮಗಳು ಹುಟ್ಟ್ಯಾಳೇನ?" ಅಂತ. "ಹೂಂ, ಒಬ್ಬಾಕಿಗೇ" ಅಂದೆ.

ಇವಳು ನಮ್ಮ ಮನೆಗೆ ಬಂದದ್ದು ಅವಳ ಅಜ್ಜನ ಕಾರಿನಲ್ಲಿ. ಆದರೆ ಬರದೇ ಹೋಗುವ ಹಾಗಾಗಿತ್ತು. ಯಾಕೆ ಹಾಗಾಯಿತು ಎಂಬುದನ್ನು ಇವಳು ದೊಡ್ಡವಳಾದ ಮೇಲೆ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಬರೆದಿಡುವುದು ಒಳ್ಳೆಯದು.

ನಮ್ಮ ಮನೆಯವರು ಬಾಡಿಗೆ ಕಾರು ಓಡಿಸುತ್ತಿದ್ದರು. ಬಿಳಿ ಬಣ್ಣದ, ದುಂಡು ಮೂತಿಯ ಹಳೆಯ ಕಾಲದ ಕಾರು. ಇಂಡಿ, ಸಿಂದಗಿ, ಬಸವನಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕು ತಾಲೂಕಿನೊಳಗೆ ಎಷ್ಟು ಮದುಮಕ್ಕಳು ಅದರಲ್ಲಿ ಕೂತು ಹೋಗಿದ್ದಾರೋ, ಎಷ್ಟು ಬಸುರಿಯರು ಅದರಲ್ಲಿ ದವಾಖಾನೆ ಮುಟ್ಟಿದ್ದಾರೋ ಲೆಕ್ಕವಿಲ್ಲ. ಮದುವೆ ಸೀಜನ್ನಿನಲ್ಲಿ ಅವರು ನಾಲ್ಕು ನಾಲ್ಕು ದಿನ ಮನೆ ಕಾಣುತ್ತಿರಲಿಲ್ಲ. ಆಮೇಲೆ ಬರುವಾಗ ಕಾರಿನ ತುಂಬ ಅಕ್ಕಿಕಾಳು, ಬಾಡಿದ ಹೂವು. ಅದನ್ನು ಗುಡಿಸುವವಳು ನಾನು.

ಆ ಕಾರು ಬಂದದ್ದು ನನ್ನ ಮಗಳು ಹುಟ್ಟಿದ ವರ್ಷ. ನಾನು ಹೆರಿಗೆಗೆ ತವರೂರು ಹೊರ್ತಿಗೆ ಹೋಗಿದ್ದೆ. ಮೂರು ತಿಂಗಳು ತುಂಬಿದ ಮೇಲೆ ಕರೆದೊಯ್ಯಲು ಇವರು ಬಂದರು. ಬಸ್ಸಿನಲ್ಲಿ ಬರುತ್ತಾರೆ ಎಂದುಕೊಂಡಿದ್ದರೆ ಬಾಗಿಲ ಮುಂದೆ ಹಾರ್ನ್ ಆಯಿತು. ಯಾರದೋ ಹತ್ತಿರ ಓಡಿ ಹಳತಾದ ಕಾರು, ಆದರೆ ತೊಳೆದು ಚೆಂಡುಹೂವಿನ ಮಾಲೆ ಹಾಕಿ ತಂದಿದ್ದರು. "ಇನ್ನೂ ಒಂದೂ ಬಾಡಿಗಿ ಹೊಡದಿಲ್ಲ. ಮೊದಲ ನನ್ನ ಮಗಳು ಕೂಡಬೇಕು" ಅಂದರು. ದಾರಿಯಲ್ಲಿ ಹಿಂದೆ ತಿರುಗಿ ತಿರುಗಿ ಕೂಸನ್ನು ನೋಡುತ್ತ, "ಕೇಳಿಲ್ಲಿ, ನಾಳೆ ಇಕಿ ಕೂಸಿನ್ನೂ ಇದರಾಗ ತರ್ತೇನಿ ನೋಡ್ತಿರು" ಅಂದರು.

"ಇಕಿಗೆ ಇನ್ನೂ ಕುತ್ತಿಗಿ ನಿಂತಿಲ್ಲ, ಆಗಲೇ ಇಕಿ ಕೂಸಿನ ಮಾತ! ಮುಂದ ನೋಡಿ ಹೊಡೀರಿ" ಅಂದಿದ್ದೆ ನಾನು.

ಮಗಳನ್ನು ಕೃಷ್ಣಾ ಹೊಳೆಯ ದಂಡೆಯ ತಂಗಡಗಿಗೆ ಕೊಟ್ಟೆವು. ಮದುವೆಯ ದಿನ ಅವಳನ್ನು ಕೂರಿಸಿಕೊಂಡು ಹೋದದ್ದೂ ಅದೇ ಕಾರು, ಇವರೇ ಡ್ರೈವರ್. ಎರಡು ವರ್ಷ ಕಳೆಯುವುದರೊಳಗೆ ಇವರು ಹೋದರು. ಬೆಳಿಗ್ಗೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವರು ಮೇಲೇಳಲಿಲ್ಲ. ಅದಾಗಿ ನಾಲ್ಕು ವರ್ಷ. ಕಾರು ಮಾತ್ರ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತೇ ಇತ್ತು. ನನ್ನ ಮಗ ಇಂಡಿಯ ಲಿಂಬೆಹಣ್ಣಿನ ಪೇಟೆಯಲ್ಲಿ ತೂಕದ ಕೆಲಸಕ್ಕಿದ್ದಾನೆ. ಆಗೊಮ್ಮೆ ಈಗೊಮ್ಮೆ ಅದನ್ನು ಪೇಟೆಯವರೆಗೆ ಓಡಿಸಿ ತಂದು ನಿಲ್ಲಿಸುತ್ತಿದ್ದ, ಅಷ್ಟೇ.

ಮದುವೆಯಾಗಿ ಐದು ವರ್ಷದ ಮೇಲೆ ಮಗಳು ಬಸುರಾದಳು. ಪದ್ಧತಿಯ ಪ್ರಕಾರ ಮೊದಲ ಹೆರಿಗೆ ನಮ್ಮ ಮನೆಯಲ್ಲಿ ಆಗಬೇಕು. ಆದರೆ ಡಾಕ್ಟರರು ಅವಳಿಗೆ ದೂರದ ಪ್ರಯಾಣ ಬೇಡವೇ ಬೇಡ ಎಂದರು. ಹೆರಿಗೆ ಮುದ್ದೇಬಿಹಾಳದಲ್ಲೇ ಆಯಿತು. ತೊಟ್ಟಿಲಿಗೆ ಹಾಕುವ ದಿನ ನಾನು ಹೋಗಿ ಕೂಸನ್ನು ಒಂದು ದಿನ ಎತ್ತಾಡಿಸಿ ಬಂದೆ. ಇಲ್ಲಿ ಎಮ್ಮೆ ಈಯುವುದಿತ್ತು, ಮರುದಿನವೇ ಓಡಿ ಬರಬೇಕಾಯಿತು. ಅದಾದ ಮೇಲೆ ಎರಡೂವರೆ ತಿಂಗಳು ಬರೀ ಫೋನು. ಮಗಳು ದಿನಾ ಫೋನಿನಲ್ಲಿ ಕೂಸನ್ನು ತೋರಿಸುವಳು, ನಾನು ಮಾತಾಡಿಸುವೆ. ಫೋನಿನಲ್ಲಿ ಕೂಸಿನ ಮೈ ವಾಸನೆ ಬರುತ್ತದೆಯೇ? ನನ್ನ ಸೆರಗಿನಲ್ಲಿ ಆ ಒಂದು ದಿನದ ಹಾಲಿನ ವಾಸನೆ ಉಳಿದಿತ್ತು. ಆ ಸೀರೆಯನ್ನು ತಿಂಗಳವರೆಗೆ ಒಗೆಯಲಿಲ್ಲ.

ಕರೆತರುವುದು ಮೂರು ತಿಂಗಳು ತುಂಬಿದ ಸೋಮವಾರ ಎಂದು ನಿಶ್ಚಯವಾಯಿತು. ಮಗಳು ಫೋನು ಮಾಡಿ ಒಂದೇ ಮಾತು ಹೇಳಿದಳು: "ಯವ್ವಾ, ಅಪ್ಪನ ಗಾಡಿ ತಗೊಂಡ ಬರ್ರಿ. ಬ್ಯಾರೆ ಗಾಡ್ಯಾಗ ನಾ ಬರೂದಿಲ್ಲ." ಹೊರ್ತಿಯ ದಾರಿಯಲ್ಲಿ ಅವರಪ್ಪ ಆಡಿದ ಮಾತನ್ನು ನಾನು ಅವಳಿಗೆ ಎಷ್ಟು ಸಲ ಹೇಳಿದ್ದೆನೋ. ಅವಳು ಮರೆತಿರಲಿಲ್ಲ.

ಮಗ ಕಾರನ್ನು ತೊಳೆದ, ಗಾಲಿಗೆ ಗಾಳಿ ಹಾಕಿಸಿದ, ದೂರದ ದಾರಿಗೆ ತಡೆಯುತ್ತದೋ ನೋಡೋಣವೆಂದು ಸಿಂದಗಿ ಕಡೆ ಹೊಡೆದ. ಅರ್ಧ ದಾರಿಗೇ ಬಿಸಿ ತೋರಿಸುವ ಮುಳ್ಳು ಮೇಲೇರಿತು, ಹಿಂದೆ ಬೆಳ್ಳನೆಯ ಹೊಗೆ. ತಿರುಗಿಸಿಕೊಂಡು ಬಂದು ಇಲ್ಲಿಯೇ ಒಂದು ಗ್ಯಾರೇಜಿಗೆ ಬಿಟ್ಟ. ಅವರು ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದರು, ಹೊಸದು ಹಾಕಿ ಕೊಟ್ಟರು. ಸರಿಯಾಯಿತೆಂದು ನಾವು ಖುಷಿಪಟ್ಟೆವು. ಹದಿನೈದು ದಿನ ಬಿಟ್ಟು, ಮಂಗಳವಾರ ಬೆಳಿಗ್ಗೆ, ಮಗ ಮತ್ತೆ ಸಿಂದಗಿ ಕಡೆ ಹೊರಟ. ನಾನೂ ಹಟ ಹಿಡಿದು ಪಕ್ಕದಲ್ಲಿ ಕೂತೆ. ಕನ್ನೊಳ್ಳಿ ಹತ್ತಿರ ಮತ್ತೆ ಅದೇ ಮುಳ್ಳು, ಅದೇ ಬಿಳಿ ಹೊಗೆ. ಕಾರು ಕೆಮ್ಮಿ ನಿಂತಿತು. ಸೋಮವಾರಕ್ಕೆ ಇನ್ನು ಆರೇ ದಿನ.

ಮಗ ರಸ್ತೆಯ ಬದಿಯಲ್ಲಿ ನಿಂತು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. "ಅವ್ವಾ, ಸಾಕಿನ್ನ. ತಂಗಡಗಿ ಮಾವ ತನ್ನ ಗಾಡಿ ಕಳಸ್ತೇನಿ ಅಂತ ಅಂದಾನ, ಅದ ಬರ್ಲಿ. ಇದನ್ನ ಗುಜರಿಗೆ ಹಾಕೂನು."

"ನನ್ನೂ ಅದರ ಜೋಡಿನ ಹಾಕಿಬಿಡು" ಅಂದೆ.

ಕನ್ನೊಳ್ಳಿಯವರದೊಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಸಿಂದಗಿಗೆ ಎಳೆದುಕೊಂಡು ಹೋದೆವು. ಅಲ್ಲಿ ಇವರ ಹಳೆಯ ಗೆಳೆಯ, ಗಾಡಿ ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದಾರೆ. ಕೈ ನಡುಗುತ್ತದೆಂದು ಈಗ ಕೆಲಸ ಕಡಿಮೆ ಮಾಡಿದ್ದಾರೆ. ಇವರ ಕಾರು ಅವರೊಬ್ಬರ ಕೈ ಬಿಟ್ಟು ಬೇರೆಯವರ ಕೈಗೆ ಹೋದದ್ದು ಇಂಡಿಯ ಆ ಗ್ಯಾರೇಜಿನಲ್ಲೇ ಮೊದಲು.

"ಬರ್ರಿ ವೈನಿ, ಬರ್ರಿ" ಎಂದು ಅತ್ತಿಗೆಯನ್ನು ಕರೆದಂತೆ ಕರೆದರು ಮಿಸ್ತ್ರಿ. ಆಮೇಲೆ ಹಗ್ಗದ ತುದಿಯಲ್ಲಿದ್ದ ಕಾರನ್ನು ನೋಡಿ ಮಗನ ಕಡೆ ತಿರುಗಿದರು. "ಏನಪಾ, ನಿಮ್ಮಪ್ಪ ಇದನ್ನ ಹಾರಿಸ್ಕೋತ ತರ್ತಿದ್ದ, ನೀ ಎಮ್ಮಿ ಕಟ್ಟಿದಂಗ ಕಟ್ಟಿ ತಂದೀಯಲ್ಲ?"

"ಚಾಚಾ, ಗ್ಯಾಸ್ಕೆಟ್ ಹೋಗೇತ್ರಿ. ಹದಿನೈದ ದಿನದ ಹಿಂದ ಹೊಸಾದ ಹಾಕ್ಸೇನಿ, ಮತ್ತ ಹೋಗೇತಿ. ಲಗೂನ ಇನ್ನೊಂದ ಹಾಕಿ ಕೊಡ್ರಿ, ಸೋಮವಾರ ಅಕ್ಕನ್ನ ಕರಕೊಂಡ ಬರಬೇಕು."

"ಕೂಸು ಕೂಡತೈತೇನ ಇದರಾಗ?"

"ಕೂಡತೈತ್ರಿ."

"ಹಂಗಾದ್ರ ಹಾಕೂದಿಲ್ಲ."

ಮಿಸ್ತ್ರಿ ನನಗೆ ಸ್ಟೂಲು ಹಾಕಿ ಕೊಟ್ಟು ಹೇಳಿದರು: "ವೈನಿ, ಗ್ಯಾಸ್ಕೆಟ್ ತಾನಾಗೇ ಸುಡೂದಿಲ್ರಿ. ಯಾವುದೋ ಒಂದು ಅದನ್ನ ಸುಟ್ಟೇತಿ. ಅದು ಸಿಗೂ ತನಕ ಹತ್ತ ಗ್ಯಾಸ್ಕೆಟ್ ಹಾಕಿದ್ರೂ ಹತ್ತೂ ಸುಡತಾವು. ದಾರ್ಯಾಗ ಬಿಸಲಾಗ ಕೂಸಿನ್ನ ಇಟ್ಕೊಂಡ ನಿಂದ್ರತೀರೇನ? ಕಾರಣ ಸಿಕ್ರ ಸೋಮವಾರ ಗಾಡಿ ಕೊಡ್ತೇನಿ. ಸಿಗಲಿಲ್ಲಂದ್ರ ನಾನ ನಿಮ್ಮನ್ನ ಬ್ಯಾರೆ ಗಾಡ್ಯಾಗ ಕೂಡ್ರಸ್ತೇನಿ."

ನಾನು ಮೂರನೆಯ ಇಯತ್ತೆ ಓದಿದವಳು. ಆದರೆ ಗಂಡನ ಪಕ್ಕದಲ್ಲಿ ಕೂತು ಆ ಕಾರಿನ ಒಂದಿಷ್ಟು ತಿಳಿದುಕೊಂಡಿದ್ದೆ. ಎಂಜಿನ್ನಿಗೆ ಕೆಳಗೊಂದು ಗಡ್ಡೆ, ಮೇಲೊಂದು ಮುಚ್ಚಳ. ಆ ಮುಚ್ಚಳಕ್ಕೇ ಹೆಡ್ ಎನ್ನುತ್ತಾರೆ. ಎರಡರ ನಡುವೆ ಒಂದು ತೆಳ್ಳನೆಯ ಹಾಳೆ, ಅದೇ ಗ್ಯಾಸ್ಕೆಟ್. ಒಳಗೆ ಬೆಂಕಿ, ನೀರು, ಎಣ್ಣೆ ಮೂರೂ ಓಡಾಡುತ್ತವೆ. ಒಂದರ ದಾರಿಗೆ ಇನ್ನೊಂದು ಬರದ ಹಾಗೆ ಕಾಯುವುದು ಆ ಹಾಳೆ. ಇವರು ಹೇಳುತ್ತಿದ್ದರು, ಒಂದೇ ಒಲೆಯ ಮುಂದೆ ಮೂವರು ನೆಗೆಣ್ಣಿಯರು, ನಡುವೆ ಒಬ್ಬಳು ಅತ್ತೆ ಅಂತ. ಅತ್ತೆ ಸುಟ್ಟುಹೋದರೆ ಮನೆಯ ಗತಿ ಏನು?

ಮಿಸ್ತ್ರಿ ಎಣ್ಣೆ ಅಳೆಯುವ ಕಡ್ಡಿ ಎಳೆದರು. ಕಪ್ಪಗಿರಬೇಕಾದ ಎಣ್ಣೆ ಹಾಲು ಹಾಕಿದ ಚಹಾದಂತಿತ್ತು. ನೀರು ಎಣ್ಣೆಗೆ ಇಳಿದಿದೆ ಎಂದರು. ರೇಡಿಯೇಟರಿನ ಮುಚ್ಚಳ ತೆಗೆದು ನೀರು ತುಂಬಿ ಎಂಜಿನ್ ಚಾಲೂ ಮಾಡಿಸಿದರು. ಅನ್ನ ಕುದಿದಂತೆ ಗುಳ್ಳೆ ಗುಳ್ಳೆ ಎದ್ದವು. ಬೆಂಕಿಯ ಗಾಳಿ ನೀರಿಗೆ ನುಗ್ಗಿದೆ ಎಂದರು. ಎಂಜಿನ್ ಬಂದ್ ಮಾಡಿ ತಣಿಯಲು ಬಿಟ್ಟು, ಮಧ್ಯಾಹ್ನ ಊಟವಾದ ಮೇಲೆ ಬೋಲ್ಟು ಬಿಚ್ಚಿ ಹೆಡ್ ಎತ್ತಿದರು. ಗ್ಯಾಸ್ಕೆಟ್ಟನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಎರಡನೆಯ ತೂತಿಗೂ ಮೂರನೆಯ ತೂತಿಗೂ ನಡುವೆ ರೊಟ್ಟಿ ಸೀದಂತೆ ಒಂದು ಕರಿ ಗೀರು.

"ಇದು ಗಾಯ ಅಷ್ಟ" ಅಂದರು. "ಹೊಡದಾವ ಯಾರು ಅನ್ನೂದು ಇನ್ನ ಮ್ಯಾಲ."

ಒಂದು ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೇಲೆ ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಇಟ್ಟು ಕಣ್ಣು ಕಿರಿದು ಮಾಡಿ ನೋಡಿದರು. ಪಟ್ಟಿಯ ಅಡಿಗೆ ಎಳ್ಳು ಸಿಪ್ಪೆಯಷ್ಟು ತೆಳ್ಳನೆಯ ಒಂದು ತಗಡು ತೂರಿಸಿದರೆ ನಡುವೆ ಸಲೀಸಾಗಿ ಹೋಯಿತು. ಮುಚ್ಚಳ ಬಾಗಿತ್ತು. ಬಾಗಿದ ಮುಚ್ಚಳದ ಅಡಿಗೇ ಹಿಂದಿನವರು ಹೊಸ ಹಾಳೆ ಹಾಕಿದ್ದರು, ನೋಡಿರಲಿಲ್ಲ. ಎರಡನೆಯ ಸಲ ಸುಟ್ಟದ್ದು ಅದಕ್ಕೇ. ಮಗ, "ಹಂಗಾದ್ರ ಸಿಕ್ಕಿತಲ್ರಿ ಕಾರಣ!" ಅಂದ. ನನಗೂ ಜೀವ ಬಂದಂತಾಯಿತು.

"ತಡಿ ತಮ್ಮಾ. ಮುಚ್ಚಳ ಯಾಕ ಬಾಗಿತು?"

"ಬಿಸಿಗಿ."

"ಬಿಸಿ ಯಾಕ ಆತು?"

ಮಿಸ್ತ್ರಿ ಫ್ಯಾನು ನೋಡಿದರು, ಬೆಲ್ಟು ಎಳೆದು ನೋಡಿದರು, ನೀರಿನ ಪಂಪು ಬಿಚ್ಚಿ ಅದರ ಚಕ್ರ ತಿರುಗಿಸಿದರು. ಎಲ್ಲವೂ ಸರಿ. ಏನಾದರೂ ಕೆಟ್ಟಿರಲಪ್ಪಾ ಎಂದು ಬೇಡಿಕೊಳ್ಳುತ್ತ ಕೂತ ಹೆಂಗಸು ನಾನೊಬ್ಬಳೇ ಇದ್ದೇನು. ಕೊನೆಗೆ ಅವರು ರೇಡಿಯೇಟರನ್ನು ಕಾರಿನಿಂದ ಬಿಚ್ಚಿ ಎರಡು ಇಟ್ಟಂಗಿಯ ಮೇಲೆ ನಿಲ್ಲಿಸಿ, ಮೇಲಿನ ಬಾಯಿಗೆ ಕೊಡ ಬಗ್ಗಿಸಿದರು. ಕೆಳಗಿನ ಬಾಯಿಂದ ನೀರು ಧೋ ಎಂದು ಸುರಿಯಬೇಕಿತ್ತು. ಬೆರಳು ಗಾತ್ರವೂ ಬರಲಿಲ್ಲ.

"ನೆಗಡಿ ಆದ ಹುಡುಗನ ಮೂಗ ಇದ್ದಂಗ ಐತಲ್ಲೋ ಇದು" ಅಂದರು ಮಿಸ್ತ್ರಿ. "ನೀರ ತಿರುಗಾಡ್ಲಿಕ್ಕೆ ಹಾದೀನ ಇಲ್ಲ. ಪ್ಯಾಟಿಗಿ ಹೋಗಿ ಬರೂ ತನಕ ಬಿಸಿ ಏರಾಕ ಪುರಸತ್ತ ಇರಲಿಲ್ಲ, ನಡೀತು. ದೂರದ ಹಾದಿ ಹಿಡದ ಕೂಡ್ಲೆ ಕುದ್ದೇತಿ."

ರೇಡಿಯೇಟರಿನ ಮೇಲಿನ ಹಿತ್ತಾಳೆ ಡಬ್ಬಿಯ ಬೆಸುಗೆ ಬಿಚ್ಚಿಸಿ ತೆರೆದಾಗ ಸಂಜೆಯ ಬಿಸಿಲು ಅಂಗಳಕ್ಕೆ ಓರೆಯಾಗಿ ಬಿದ್ದಿತ್ತು. ಸಣ್ಣ ಸಣ್ಣ ಕೊಳವೆಗಳ ಬಾಯಿಯ ಮೇಲೆಲ್ಲ ಮೆತ್ತಿಕೊಂಡ ಒಂದು ಗಟ್ಟಿ ಪದರ. ತುಕ್ಕಿನ ಕೆಂಪಲ್ಲ. ಕಂದು ಹಳದಿ. ಮಿಸ್ತ್ರಿ ಉಗುರಿನಿಂದ ಕೆರೆದರು, ಮೂಸಿದರು, ಮತ್ತೆ ಮೂಸಿದರು.

"ಅರಿಷಿಣ!"

ಮಗ ನಕ್ಕ. "ಅರಿಷಿಣ ಯಾರ ಹಾಕ್ತಾರ್ರಿ ಚಾಚಾ ಗಾಡಿಗಿ?"

"ನಿಮ್ಮಪ್ಪನ ಹಾಕಿದ್ದ ಒಮ್ಮಿ. ಆದ್ರ ಅದು ಭಾಳ ವರ್ಷದ ಮಾತು, ನಾನ ತೊಳದ ಕೊಟ್ಟೇನಿ. ಇದು ಹಳೇದಲ್ಲ. ಪದರ ಪದರ ಕುಂತೈತಿ. ಯಾರೋ ತಪ್ಪದಂಗ ಹಾಕ್ಯಾರ."

ನಾನು ಸ್ಟೂಲಿನ ಮೇಲೆ ಕೂತಿದ್ದೆ. ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ಇವರು ಹಾಕಿದ ಆ ಒಂದು ಸಲದ್ದು ನನಗೆ ನಿನ್ನೆಯಂತೆ ನೆನಪಿದೆ. ಮುದ್ದೇಬಿಹಾಳದಲ್ಲಿ ನನ್ನ ತಂಗಿಯ ಮನೆಯ ಕಾರ್ಯ ಮುಗಿಸಿ ಇಬ್ಬರೇ ಬರುತ್ತಿದ್ದೆವು. ಬಸವನಬಾಗೇವಾಡಿ ಇನ್ನೂ ದೂರವಿತ್ತು. ರೇಡಿಯೇಟರಿಗೆ ಕಲ್ಲು ಬಡಿದು ನೀರು ಸೋರತೊಡಗಿತು. ಸುತ್ತ ಕಬ್ಬಿಣ ಕಾದ ಹಾಗೆ ಬಿಸಿಲು, ಒಂದು ಗಿಡ ಇಲ್ಲ. ಇವರು ಬಾನೆಟ್ ಎತ್ತಿ ನೋಡಿ ಕೇಳಿದರು, "ಕೇಳಿಲ್ಲಿ, ಉಡ್ಯಾಗ ಅರಿಷಿಣದ ಪುಡಿ ಐತೇನ?" ತಂಗಿ ನನ್ನ ಉಡಿ ತುಂಬಿದ್ದಳು. ಅಕ್ಕಿ, ಕೊಬ್ಬರಿ, ಕುಬಸದ ಖಣ, ಅರಿಷಿಣ ಕುಂಕುಮದ ಪೊಟ್ಟಣ. ನಾನು ಕೊಡಲು ಹಿಂದೆಮುಂದೆ ನೋಡಿದೆ, ಉಡಿಯ ಸಾಮಾನು ಅದು. "ಗಂಡಗ ಕೊಡಾಕ ಏನ ವಿಚಾರ ಮಾಡ್ತಿ?" ಎಂದು ಇಸಿದುಕೊಂಡು ರೇಡಿಯೇಟರಿಗೆ ಸುರಿದರು. ಪುಡಿ ಹೋಗಿ ತೂತಿಗೆ ಕೂತು ಸೋರುವುದು ನಿಂತಿತು. ಮನೆಯವರೆಗೂ ಬಂದೆವು. ಅವತ್ತಿನಿಂದ ಸಿಕ್ಕವರಿಗೆಲ್ಲ ಅದೇ ಕಥೆ: "ನನ್ನ ಡಿಕ್ಕಿ ಒಳಗಿನ ಸಾಮಾನಕಿಂತ ನನ್ನ ಹೇಣ್ತಿ ಉಡ್ಯಾಗಿನ ಸಾಮಾನ ಚೊಲೋ."

ಇವರು ಹೋದ ಮೇಲೆ ಅರಿಷಿಣ ನನ್ನದಲ್ಲ ಎಂದಾಯಿತು. ಯಾರೂ ಬೈದು ಹೇಳಲಿಲ್ಲ. ಹಿರಿಯರು ಅರಿಷಿಣ ಕುಂಕುಮದ ಭರಣಿಯನ್ನು ನನ್ನ ಗೂಡಿನಿಂದ ತೆಗೆದು ದೇವರ ಮಾಡದಲ್ಲಿಟ್ಟರು, ಅಷ್ಟೇ. ಆದರೆ ಸ್ನಾನ ಮಾಡಿ ಬಂದರೆ ಕೈ ತಾನೇ ಅಲ್ಲಿಗೆ ಹೋಗುತ್ತಿತ್ತು. ಅಷ್ಟು ವರ್ಷದ ರೂಢಿ, ಕೈಗೆ ಏನು ಗೊತ್ತು? ಒಂದು ಸೋಮವಾರ ಬೆಳಿಗ್ಗೆ ಎರಡು ಬೆರಳಿನಲ್ಲಿ ಚಿಟಿಕೆ ಹಿಡಿದೇ ಬಿಟ್ಟಿದ್ದೆ. ಗಲ್ಲಕ್ಕೆ ಹಚ್ಚುವಂತಿಲ್ಲ. ತಿರುಗಿ ಭರಣಿಗೆ ಹಾಕಲು ಮನಸ್ಸಿಲ್ಲ. ಹಾಗೇ ಹೊರಗೆ ಬಂದೆ. ಮಗ ಕಾರಿನ ಬಾನೆಟ್ ತೆರೆದಿಟ್ಟು ನೀರು ತರಲು ಹೋಗಿದ್ದ. ರೇಡಿಯೇಟರಿನ ಬಾಯಿ ತೆರೆದಿತ್ತು. ಹಾಕಿಬಿಟ್ಟೆ.

ಅಂದು ನನ್ನ ಮನಸ್ಸು ಹಗುರಾದಷ್ಟು ಬಹಳ ದಿನ ಆಗಿರಲಿಲ್ಲ. ಅವತ್ತಿನಿಂದ ಕಾರಿಗೆ ನೀರು ಹಾಕುವ ಕೆಲಸ ನಾನೇ ವಹಿಸಿಕೊಂಡೆ. ಪ್ರತಿ ಸೋಮವಾರ ಒಂದು ತಂಬಿಗೆ ನೀರು, ಒಂದು ಚಿಟಿಕೆ. ಒಂದೊಂದು ಸೋಮವಾರ, ತೀರಾ ನೆನಪಾದಾಗ, ಚಿಟಿಕೆ ಹೋಗಿ ಅರ್ಧ ಹಿಡಿಯಾಗುತ್ತಿತ್ತು. ಹಾಕಿ ಮುಚ್ಚಳ ತಿರುಗಿಸುವಾಗ, "ನಿಮ್ಮದು ನಿಮಗ ಮುಟ್ಟಿತು" ಅನ್ನುತ್ತಿದ್ದೆ. ನಾಲ್ಕು ವರ್ಷದಲ್ಲಿ ಎಷ್ಟು ಸೋಮವಾರ! ಮಗಳು ಬಸುರಿ ಎಂದು ಗೊತ್ತಾದ ವಾರವಂತೂ ಹಿಡಿ ತುಂಬ ಹಾಕಿದ್ದೆ.

ಈಗ ಆ ಹಿಡಿಗಳೆಲ್ಲ ಮಿಸ್ತ್ರಿಯ ಕೈಯಲ್ಲಿದ್ದವು, ಗಟ್ಟಿಯಾಗಿ, ಸಂಜೆಯ ಬಿಸಿಲಿಗೆ ಹೊಳೆಯುತ್ತ. ಸುಮ್ಮನಿರಬಹುದಿತ್ತು. ಮಗ ಹಿಂದಿನ ಗ್ಯಾರೇಜಿನವರನ್ನು ಬೈಯಲು ಶುರು ಮಾಡಿದ್ದ, "ಅವರ ಹಾಕಿರಬೇಕ್ರಿ, ತೂತ ಮುಚ್ಚಾಕ" ಅಂತ. ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಯಾರಿಗೂ ಬೇಡ.

"ಅವರಲ್ಲ. ನಾ ಹಾಕೇನಿ" ಅಂದೆ.

ಇಬ್ಬರೂ ನನ್ನ ಕಡೆ ತಿರುಗಿದರು.

"ಯಾವಾಗ?" ಮಗ ಕೇಳಿದ.

"ಸೋಮವಾರಕ್ಕೊಮ್ಮಿ. ನಿಮ್ಮಪ್ಪ ಹೋದಾಗಿಂದ."

"ಯಾಕವ್ವಾ?"

ಬಾಯಿಗೆ ಬಂದದ್ದು, "ಮತ್ತ ಎಲ್ಲಿ ಹಾಕಲಿ?" ಎಂಬ ಮಾತು.

ಮಗ ನನ್ನ ಗಲ್ಲ ನೋಡಿದ. ಅದನ್ನು ಅವನು ನಾಲ್ಕು ವರ್ಷದಲ್ಲಿ ಒಂದು ಸಲವೂ ಹಾಗೆ ನೋಡಿರಲಿಲ್ಲ. ಆಮೇಲೆ ಚಹಾ ತರ್ತೇನಿ ಎಂದು ಹೊರಗೆ ಹೋದ. ಚಹಾ ಅಂಗಡಿ ಎದುರಿಗೇ ಇತ್ತು, ಅವನು ಬಹಳ ಹೊತ್ತು ಬರಲಿಲ್ಲ.

ಮಿಸ್ತ್ರಿ ಬಟ್ಟೆಯಿಂದ ಕೈ ಒರೆಸಿಕೊಂಡರು. ನಾನು ಬೈಗುಳಕ್ಕೆ ತಯಾರಾಗಿ ಕೂತಿದ್ದೆ.

"ವೈನಿ, ಡಾಕ್ಟರ ಒಂದ ದಿನ ಗುಳಿಗಿ ಕೊಟ್ಟಾನಂತ ವರ್ಷಗಟ್ಟಲೆ ಅದನ್ನ ಊಟ ಮಾಡಸ್ತಾರೇನ್ರಿ?"

"ತಪ್ಪಾತ್ರಿ ಅಣ್ಣಾರ."

"ತಪ್ಪ ನಿಮ್ಮದಲ್ರಿ, ನಿಮ್ಮ ಯಜಮಾನಂದು. ಊರ ತುಂಬ ಡಂಗುರಾ ಸಾರಿದ, ಅರಿಷಿಣ ಹಾಕಿದೆ ಗಾಡಿ ಓಡಿತು ಅಂತ. ಆಮ್ಯಾಲ ನನ್ನ ಹತ್ರ ಬಂದು ನಾ ಅದನ್ನ ಎರಡ ದಿನ ಕುಂತ ತೊಳದದ್ದು ಮಾತ್ರ ಯಾರಿಗೂ ಹೇಳಲಿಲ್ಲ ನೋಡ್ರಿ ಆ ಮನಶ್ಯಾ!" ಅಂದು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು, ಗ್ರೀಸು ಹುಬ್ಬಿಗೆಲ್ಲ ಹತ್ತಿತು. ನನಗೆ ನಗು ತಡೆಯಲಾಗಲಿಲ್ಲ. ಹೌದು, ಅದನ್ನು ಇವರು ನನಗೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಹಾಕುತ್ತಿರಲಿಲ್ಲ. ನನಗೂ ಮುಚ್ಚಿಟ್ಟು ಹೋದ ಮೇಲೆ ಸಿಕ್ಕಿಬಿದ್ದರಲ್ಲ ಎಂದು ಎಷ್ಟು ಸಿಟ್ಟು ಬಂತು, ಎದುರಿಗಿದ್ದು ಒಂದು ಮಾತು ಆಡಲು ಸಿಕ್ಕಿದ್ದರೆ ಎಂದು ಎಷ್ಟು ಆಸೆಯಾಯಿತು, ಎರಡೂ ಒಂದೇ ಹೊತ್ತಿಗೆ.

"ಕಾರಣ ಸಿಕ್ಕಿತಲ್ಲ" ಅಂದರು ಮಿಸ್ತ್ರಿ. "ಇನ್ನ ಗಾಡಿ ಸೋಮವಾರಕ್ಕ ನಿಮ್ಮದು."

ಬುಧವಾರ ಮಗ ಆ ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಬಸವನಬಾಗೇವಾಡಿಗೆ ಒಯ್ದ. ಮಿಸ್ತ್ರಿ ನಂಬುವ ಲೇಥಿನವನು ಅಲ್ಲಿದ್ದ. ಅದನ್ನು ನೆಟ್ಟಗೆ ಮಾಡಿಸಿಕೊಂಡು ಮರುದಿನ ಸಂಜೆ ತಂದ. ಕಂಡಕ್ಟರು ಇದೇನು ಇಷ್ಟು ಭಾರ ಎಂದು ಕೇಳಿದ್ದಕ್ಕೆ, "ನಮ್ಮವ್ವ ಮಾಡಿದ ಅಡಿಗಿ" ಅಂದನಂತೆ. ಅದನ್ನು ನನಗೆ ಬಂದು ಹೇಳಿದಾಗ ಅವನ ಸಿಟ್ಟು ಇಳಿದಿದೆ ಎಂದು ಗೊತ್ತಾಯಿತು.

ಶುಕ್ರವಾರ ಎಂಜಿನ್ನಿನ ಗಡ್ಡೆಯನ್ನು ತೊಳೆಯುವಾಗ ನಾನೂ ಸಿಂದಗಿಗೆ ಹೋದೆ. ಬೇಡವೆಂದರೂ ಹೋದೆ. ಪೈಪು ಹಚ್ಚಿ ನೀರನ್ನು ಉಲ್ಟಾ ಬಿಟ್ಟರು. ಮೊದಲು ಕಂದು ನೀರು ಬಂತು, ಆಮೇಲೆ ಹಳದಿ, ಗ್ಯಾರೇಜಿನ ಅಂಗಳದಲ್ಲಿ ಹರಿದು ಗಟಾರದ ಕಡೆ ಹೊರಟಿತು. ಮದುವೆ ಮನೆಯಲ್ಲಿ ಮದುಮಗನಿಗೆ ಅರಿಷಿಣದ ಸುರಗಿ ನೀರು ಹಾಕಿದ ಮೇಲೆ ಅಂಗಳ ಇರುವ ಹಾಗೆ ಇತ್ತು. ನಾನು ಎದ್ದು ಚಪ್ಪಲಿ ಬಿಟ್ಟು ಒಂದು ಗಳಿಗೆ ಅದರೊಳಗೆ ನಿಂತೆ. ಮಿಸ್ತ್ರಿ ನೋಡಿಯೂ ನೋಡದಂತೆ ಪೈಪು ಹಿಡಿದುಕೊಂಡಿದ್ದರು. ನೀರು ತಿಳಿಯಾದ ಮೇಲೆ ಬಂದ್ ಮಾಡಿದರು.

ಶನಿವಾರ ಹೊಸ ಹಾಳೆ ಹಾಕಿ ಹೆಡ್ ಕೂರಿಸಿದರು. ಬೋಲ್ಟುಗಳನ್ನು ನಡುವಿನಿಂದ ಶುರು ಮಾಡಿ ಹೊರಹೊರಗೆ, ಒಂದು ಈ ಕಡೆ ಒಂದು ಆ ಕಡೆ ಬಿಗಿಯುತ್ತ ಹೋದರು. ಅವರ ಕೈ ನಡುಗುವುದು ನಿಜ. ಬೋಲ್ಟು ಬಿಗಿಯುವ ಪಾನಾ ಹಿಡಿದಾಗ ಮಾತ್ರ ನಡುಗುತ್ತಿರಲಿಲ್ಲ. ಭಾನುವಾರ ಬಿಸಿಲು ಏರಿದ ಮೇಲೆ ಮೂವರೂ ಕೂತು ಕನ್ನೊಳ್ಳಿಯವರೆಗೆ ಹೋಗಿ ಬಂದೆವು. ಮುಳ್ಳು ಅರ್ಧಕ್ಕೆ ಬಂದು ನಿಂತಿತು, ಅಲ್ಲಿಂದ ಮೇಲೆ ಕದಲಲಿಲ್ಲ. ಮಿಸ್ತ್ರಿ ನನ್ನ ಕಡೆ ತಿರುಗಿ, "ವೈನಿ, ಬರೇ ನೀರು. ಸಕ್ಕರಿ, ಉಪ್ಪು, ಅರಿಷಿಣ, ವಿಭೂತಿ ಏನೂ ಬ್ಯಾಡ" ಅಂದರು.

ಸೋಮವಾರ ನಸುಕಿನಲ್ಲಿ ಹೊರಟೆವು. ನಾನು ಮುಂದಿನ ಸೀಟಿನಲ್ಲಿ, ನನ್ನ ಹಳೆಯ ಜಾಗದಲ್ಲಿ. ಬಸವನಬಾಗೇವಾಡಿಯಲ್ಲಿ ನಿಲ್ಲಿಸಿ ಮಗ ಬಾನೆಟ್ ಎತ್ತಿ ನೋಡಿದ, ನಾನು ದೂರ ನಿಂತೆ. ಇವರ ಹಾಗೆ ಅವನೂ ಸ್ಟಿಯರಿಂಗಿನ ಮೇಲೆ ಎಡಗೈ ಒಂದನ್ನೇ ಇಟ್ಟು ಓಡಿಸುತ್ತಾನೆ. ಮುದ್ದೇಬಿಹಾಳ ದಾಟಿದ ಮೇಲೆ ಒಂದೆರಡು ಸಲ ಅತ್ತ ತಿರುಗಿ, "ರೀ, ಸಾವಕಾಶ" ಅನ್ನಲು ಬಾಯಿ ತೆರೆದು ಮುಚ್ಚಿಕೊಂಡೆ.

ತಂಗಡಗಿಯಲ್ಲಿ ಮಗಳು ಬಾಗಿಲಲ್ಲೇ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕಾರು ನೋಡಿ ಅತ್ತಳು, ನನ್ನನ್ನು ನೋಡಿ ನಕ್ಕಳು. ತಮ್ಮ ಎಲ್ಲವನ್ನೂ ಫೋನಿನಲ್ಲಿ ಹೇಳಿಬಿಟ್ಟಿದ್ದ. ಅವಳ ಅತ್ತೆ ಹೊರಡುವಾಗ ಅವಳ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಅರಿಷಿಣದ ಪೊಟ್ಟಣ. ಮಗಳು ಕಾರು ಹತ್ತಿ ಉಡಿ ಗಟ್ಟಿಯಾಗಿ ಹಿಡಿದುಕೊಂಡು, "ಯವ್ವಾ, ಬಾಗೇವಾಡಿ ದಾಟೂ ತನಕ ಈ ಕಡಿ ಕೈ ಹಾಕಬ್ಯಾಡ" ಅಂದಳು. ಮಗ ನಗುವುದಕ್ಕೆ ಕಾರು ಒಂದು ಸಲ ಜಗ್ಗಿತು.

ನಾನು ಹಿಂದೆ ಹೋಗಿ ಕೂತೆ. ಕೂಸನ್ನು ನನ್ನ ಮಡಿಲಿಗೆ ಕೊಟ್ಟರು. ಎರಡೂವರೆ ತಿಂಗಳಿನಿಂದ ಕಾದ ಭಾರ, ಇಷ್ಟೇ ಇಷ್ಟು. ಕಾರು ಚಾಲೂ ಆದದ್ದೇ ಕೂಸು ಕಣ್ಣು ಬಿಟ್ಟು ಮೇಲಿನ ತಗಡನ್ನು ನೋಡಿತು, ಎಂಜಿನ್ನಿನ ಸದ್ದು ಕೇಳಿಸಿಕೊಂಡಿತು, ನಿದ್ದೆ ಹೋಯಿತು. ಅದರ ಅವ್ವನೂ ಹೊರ್ತಿಯಿಂದ ಬರುವಾಗ ಹೀಗೇ ಮಲಗಿದ್ದಳು. ಆಗ ಮುಂದಿನ ಸೀಟಿನಿಂದ ತಿರುಗಿ ತಿರುಗಿ ನೋಡುವವರಿದ್ದರು. ಈ ಸಲ ಆ ನೋಟ ಬೀಳಲಿಲ್ಲ. ದಾರಿಯುದ್ದಕ್ಕೂ ನಾನು ಅದಕ್ಕೇ ಕಾಯುತ್ತಿದ್ದೆ ಎಂದು ಇಂಡಿ ಬಂದ ಮೇಲೆ ತಿಳಿಯಿತು.

ಮರುದಿನ ಬೆಳಿಗ್ಗೆ ಕೂಸಿಗೆ ನೀರೆರೆಯುವುದು ನನ್ನ ಪಾಲಿಗೆ ಬಂತು. ಬಚ್ಚಲಲ್ಲಿ ಕಾಲು ಚಾಚಿ ಕೂತು ಅವಳನ್ನು ಕಾಲ ಮೇಲೆ ಹಾಕಿಕೊಂಡೆ. ಎಣ್ಣೆ ಹಚ್ಚಿ ತಿಕ್ಕಿದೆ. ಮಗಳು ಒಂದು ಬಟ್ಟಲು ತಂದಿಟ್ಟಳು, ಹಾಲಿನ ಕೆನೆಯಲ್ಲಿ ಕಲೆಸಿದ ಅರಿಷಿಣ. ನಾನು ಅವಳ ಮುಖ ನೋಡಿದೆ.

"ಹಚ್ಚಬೇ. ಮತ್ತ ಯಾರ ಹಚ್ಚಬೇಕು?" ಅಂದಳು.

ಹಚ್ಚಿದೆ. ಬೆನ್ನಿಗೆ, ತೋಳಿಗೆ, ಗುಳಿ ಬೀಳುವ ಎಡಗೆನ್ನೆಗೆ. ಹುಡುಗಿ ಕಾಲು ಝಾಡಿಸಿ ಬಟ್ಟಲನ್ನೇ ಒದ್ದಳು. ನೀರು ಹಾಕಿ ಒರೆಸಿ ಕಳಿಸಿದ ಮೇಲೆ ನೋಡಿದರೆ ನನ್ನ ಎರಡೂ ಅಂಗೈ ಹಳದಿಯಾಗಿದ್ದವು, ಗೆರೆಗಳೊಳಗೆಲ್ಲ ಇಳಿದಿತ್ತು. ಸಬಕಾರ ಹಚ್ಚಲಿಲ್ಲ.

ಅದಾದ ಮೇಲೆ ಬಂದ ಸೋಮವಾರ ಒಂದು ತಂಬಿಗೆ ನೀರು ತೆಗೆದುಕೊಂಡು ಶೆಡ್ಡಿಗೆ ಹೋದೆ. ಕೂಸಿಗೆ ಎರೆದು ಆಗಷ್ಟೇ ಬಂದಿದ್ದೆ. ಬರೀ ನೀರು ಹಾಕಿದೆ. ಮುಚ್ಚಳ ತಿರುಗಿಸಿ ಬಿಗಿ ಮಾಡುವಾಗ ಅದರ ಮೇಲೆ ನನ್ನ ಬೆರಳುಗಳ ಹಳದಿ ಗುರುತು ಮೂಡಿತು. ಒರೆಸಲು ಸೆರಗು ಎತ್ತಿದೆ, ಬಿಟ್ಟೆ.

ಸಂಜೆ ಪೇಟೆಯಿಂದ ಬಂದ ಮಗ ಬಾನೆಟ್ ಎತ್ತಿದವನು ಅಲ್ಲಿಂದಲೇ ಕೂಗಿದ: "ಅವ್ವಾ! ಇದು ಮ್ಯಾಲಷ್ಟ ಐತೋ, ಒಳಗೂ ಐತೋ?"

"ಮ್ಯಾಲಷ್ಟ ಐತ್ಯೋ, ಮುಚ್ಚು" ಅಂದೆ.